ಬೀಗಿತ್ತಿಯ ರಾಮ

ನನ್ನ ಮೊಮ್ಮಗಳಿಗೆ ತಿರುಪ್ಪೂರಿನಲ್ಲಿ ಕೆಲಸ ಸಿಕ್ಕಿತು! ಪರದೇಶದ ಮಕ್ಕಳಿಗೆ ಬಟ್ಟೆ ಹೊಲಿದು ಕಳಿಸುವ ಕಂಪನಿಯಲ್ಲಿ, ಆ ಬಟ್ಟೆಯ ಮೇಲೆ ಬರುವ ಹೂವು ಬಳ್ಳಿ ಬರೆದುಕೊಡುವ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂತು. ಒಂಬತ್ತೂವರೆಯ ಹೊತ್ತಿಗೆ ಕೊಯಮತ್ತೂರು ಕಡೆಯ ನೆಗಮದ ನಮ್ಮ ಬೀದಿಯಲ್ಲಿ ಈ ಸುದ್ದಿ ತಿಳಿಯದ ಮನೆ ಒಂದೂ ಉಳಿದಿರಲಿಲ್ಲ. ಹಾಲಿನವನಿಗೆ ಹೇಳಿದೆ, ನೂಲು ತಂದವನಿಗೆ ಹೇಳಿದೆ, ದಾರಿ ಕೇಳಲು ನಿಂತ ಯಾರೋ ಬೈಕಿನವನಿಗೂ ದಾರಿಯ ಜೊತೆಗೆ ಸುದ್ದಿಯನ್ನೂ ಹೇಳಿ ಕಳಿಸಿದೆ. ಆತ "ಸಂತೋಷಂಗ" ಎಂದು ಕೈಮುಗಿದು ಹೋದ. ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಷ್ಟು ಸಂತೋಷದ ನಡುವೆಯೂ ಒಂದು ಮುಳ್ಳು ಚುಚ್ಚಿತು. ಫೋನು ಇಟ್ಟ ಮೊಮ್ಮಗಳು ನನ್ನನ್ನು ಅಪ್ಪಿಕೊಂಡಳು, ತಾತನ ಕಾಲಿಗೆ ಬಿದ್ದಳು, ಆಮೇಲೆ ಮತ್ತೆ ಫೋನು ಎತ್ತಿ, "ಅಜ್ಜೀ, ಸಿಕ್ತು ಅಜ್ಜೀ!" ಎಂದು ಕೂಗಿದಳು. ಆ ಅಜ್ಜಿ ನಾನಲ್ಲ. ನಾನು ಅವ್ವ. ಅಜ್ಜಿ ಎಂದರೆ ನನ್ನ ಬೀಗಿತ್ತಿ, ನನ್ನ ಸೊಸೆಯ ತಾಯಿ, ನಂಜನಗೂಡಿನಲ್ಲಿ ಇರುವವರು. ನನ್ನನ್ನು ಅಪ್ಪಿಕೊಂಡಾಗ ಇಲ್ಲದ ಒಂದು ಕುಣಿತ ಆ "ಅಜ್ಜೀ"ಯಲ್ಲಿ ಇತ್ತು ಎಂದು ನನಗೆ ಅನಿಸಿತು. ಇತ್ತೋ ಇಲ್ಲವೋ, ಅನಿಸಿದ್ದು ನಿಜ. ಇದಕ್ಕೆ ನಮ್ಮ ಮನೆಯಲ್ಲಿ ಪೊರಾಮೆ ಎನ್ನುತ್ತೇವೆ. ತಮಿಳಿನ ಮಾತು. ಒಬ್ಬರ ಸುಖ ಕಂಡು ಇನ್ನೊಬ್ಬರು ಕುದಿಯುವುದು. ನಾವು ಮನೆಯೊಳಗೆ ಕನ್ನಡ ಆಡುವವರಾದರೂ ಬೈಗುಳ, ಜಗಳ, ಪೊರಾಮೆ ಎಲ್ಲ ತಮಿಳಿನಲ್ಲೇ. ಈ ಕೆಲಸ ನನ್ನ ಮೊಮ್ಮಗಳ ಕೈತಪ್ಪಿ ಹೋಗುವುದರಲ್ಲಿತ್ತು. ಕಾರಣ ನನ್ನ ಪೊರಾಮೆ. ಸಂತೋಷದ ಸುದ್ದಿಯನ್ನು ಮೊದಲು ಹೇಳಿಬಿಟ್ಟೆನಲ್ಲ, ಇನ್ನು ಅದನ್ನೂ ಹೇಳಬೇಕು.

ಬೀಗಿತ್ತಿ ಶಾಲೆಯಲ್ಲಿ ಪಾಠ ಹೇಳಿದವರು. ಅವರ ಕನ್ನಡ ಇಸ್ತ್ರಿ ಹಾಕಿದ ಸೀರೆಯ ಹಾಗೆ, ಒಂದು ಮಡಿಕೆ ಆಚೀಚೆ ಇಲ್ಲ. ನನ್ನದು ಮಗ್ಗದ ಮನೆಯ ಕನ್ನಡ, ಅರ್ಧಕ್ಕರ್ಧ ತಮಿಳು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ತಮಿಳಿನಲ್ಲೇ. ಬೀಗಿತ್ತಿ ಮೊಮ್ಮಗಳಿಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು. ಅವಳು ಓದಿ ಓದಿ ನಗುತ್ತಿದ್ದಳು, ಆಮೇಲೆ ಮಡಿಸಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಅದರಲ್ಲಿ ಅಂಥದ್ದೇನಿದೆ ಎಂದು ತಿಳಿಯಬೇಕು ಎನ್ನುವ ಒಂದೇ ಹಟಕ್ಕೆ, ಅರವತ್ತು ದಾಟಿದ ಮೇಲೆ ನಾನು ಕನ್ನಡ ಅಕ್ಷರ ಕಲಿತೆ. ಸೊಸೆ ಹೇಳಿಕೊಟ್ಟಳು. "ಈ ವಯಸ್ಸಲ್ಲೂ ಅತ್ತೆಗೆ ಓದೋ ಆಸೆ ನೋಡಿ" ಎಂದು, ಪಾಪ, ಎಲ್ಲರ ಮುಂದೆ ಹೊಗಳುತ್ತಿದ್ದಳು. ನಾನು ತಲೆ ತಗ್ಗಿಸಿ ಹೊಗಳಿಸಿಕೊಳ್ಳುತ್ತಿದ್ದೆ.

ಅಕ್ಷರ ಬಂತು, ಒತ್ತಕ್ಷರ ಬರಲಿಲ್ಲ. ತಮಿಳಿನಲ್ಲಿ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ, ಒಬ್ಬರ ಕೆಳಗೆ ಒಬ್ಬರಿಲ್ಲ. ಕನ್ನಡದಲ್ಲಿ ಒಂದರ ಕಾಲಡಿಯಲ್ಲಿ ಇನ್ನೊಂದು ಅಡಗಿ ಕೂತಿರುತ್ತದೆ. ನಾನು ಮೇಲಿನದನ್ನು ಓದಿ ಕೆಳಗಿನದನ್ನು ಬಿಟ್ಟುಬಿಡುತ್ತಿದ್ದೆ. ಅಣ್ಣ ನನಗೆ ಅಣ, ಬೆಕ್ಕು ನನಗೆ ಬೆಕು. ಹೇಗೂ ಅರ್ಥ ಆಗುತ್ತದಲ್ಲ ಎಂದು ಧೈರ್ಯ.

ಕಂಪ್ಯೂಟರ್ ಮಾತ್ರ ನಮ್ಮ ಕಡೆಯದು. ಮೊಮ್ಮಗಳು ಕೊಯಮತ್ತೂರಿನಲ್ಲಿ ಬಟ್ಟೆಯ ಡಿಸೈನ್ ಓದಲು ಸೇರಿದಾಗ ನಾನೂ ನನ್ನ ಮನೆಯವರೂ ಸೇರಿ ಕೊಡಿಸಿದ್ದು. ಮಗ್ಗದ ಪಕ್ಕದಲ್ಲೇ ಮೇಜು ಹಾಕಿ ಇಟ್ಟಿದ್ದೆವು. ಆಚೆ ತಾತ ಖಟ ಖಟ, ಈಚೆ ಮೊಮ್ಮಗಳು ಟಕ ಟಕ, ನಡುವೆ ನಾನು ಕಂಡಿಕೆಗೆ ನೂಲು ಸುತ್ತುತ್ತಾ ಕೂತಿರುತ್ತಿದ್ದೆ. ನನ್ನ ಆಯುಸ್ಸಿನಲ್ಲಿ ಅದಕ್ಕಿಂತ ಸುಖದ ಜಾಗ ಬೇರೆ ಕಂಡಿಲ್ಲ. ಬೀಗಿತ್ತಿ ಕಾಗದ ಬರೆಯಲಿ, ಫೋನು ಮಾಡಲಿ, ದಿನವಿಡೀ ಮೊಮ್ಮಗಳ ಪಕ್ಕದಲ್ಲಿ ಕೂರುವುದು ಯಾರು? ನಾನು.

ಓದು ಮುಗಿದ ವರ್ಷ ಆ ತಿರುಪ್ಪೂರಿನ ಕಂಪನಿಯವರು ಅವಳನ್ನು ಕರೆದು ಮಾತಾಡಿಸಿ, "ಐದು ಡಿಸೈನ್ ಮಾಡಿ, ಮುಂದಿನ ತಿಂಗಳ ಮೊದಲ ಶನಿವಾರ ಮಧ್ಯಾಹ್ನದೊಳಗೆ ಸಿಡಿಯಲ್ಲಿ ತಂದುಕೊಡಿ. ಹಿಡಿಸಿದರೆ ಕೆಲಸ" ಎಂದರು. ಅವಳು ಮನೆಗೆ ಬಂದವಳೇ ನನ್ನ ಪೆಟ್ಟಿಗೆ ತೆರೆಸಿ, ನನ್ನ ಮದುವೆಯ ಸೀರೆ ಹೊರಗೆ ತೆಗೆದಳು. ಅದರ ಅಂಚಿನಲ್ಲಿ ಸಣ್ಣ ಸಣ್ಣ ರುದ್ರಾಕ್ಷಿ. ನನ್ನ ಅಪ್ಪ ನೇಯ್ದದ್ದು.

"ಅವ್ವಾ, ಇದನ್ನ ದೊಡ್ಡದು ಮಾಡಿ, ಬಣ್ಣ ಬದ್ಲಿಸಿ, ಮಕ್ಳ ಬಟ್ಟೆ ಮೇಲೆ ಉದುರ್ಸ್ದಂಗೆ ಹಾಕ್ತೀನಿ."

"ಪರದೇಸದ ಮಕ್ಳಿಗೆ ರುದ್ರಾಕ್ಷಿ ತಿಳೀತದಾ ಕಣ್ಣು?" ಮುದ್ದಿಗೆ ನಾನು ಅವಳನ್ನು ಕರೆಯುವುದು ಕಣ್ಣು ಎಂದೇ.

"ಏನೋ ಹಣ್ಣು ಅಂದ್ಕತವೆ ಬಿಡು."

ನನ್ನ ಅಪ್ಪನ ರುದ್ರಾಕ್ಷಿ ಯಾವುದೋ ದೇಶದಲ್ಲಿ ಕೂಸುಗಳ ಹೊಟ್ಟೆಯ ಮೇಲೆ ಹಣ್ಣಾಗಿ ಉದುರುತ್ತದೆ! ನನಗೆ ಒಂದು ವಾರ ಹಸಿವೇ ಆಗಲಿಲ್ಲ. ಬೀಗಿತ್ತಿಯ ಪೆಟ್ಟಿಗೆಯಲ್ಲಿ ಇಂಥದ್ದೇನಿದೆ ಎಂದು ಮನಸ್ಸಿನಲ್ಲೇ ಕೇಳಿ, ಮನಸ್ಸಿನಲ್ಲೇ ಗೆದ್ದೆ.

ಚಿತ್ರ ಬೆಳೆದಂತೆ ಕಂಪ್ಯೂಟರಿಗೆ ಏದುಸಿರು ಬಂತು. ಒಂದು ಬಣ್ಣ ಬದಲಿಸಿದರೆ ಮರಳುಗಡಿಯಾರ ತೋರಿಸಿ ಸುಮ್ಮನಾಗುತ್ತಿತ್ತು.

"ಯಾಕ್ ಕಣ್ಣು ಇಷ್ಟು ನಿಧಾನ?"

"ರಾಮ್ ಕಮ್ಮಿ ಅವ್ವಾ."

"ರಾಮ ಕಮ್ಮೀನಾ? ಸಾಮಿ ಎಲ್ಲ ಕಡೆ ಒಂದೇ ಅಲ್ವಾ?"

ಮಗ್ಗದಿಂದ ತಾತನ ದನಿ ಬಂತು. "ನಿಮ್ಮವ್ವನ ಬಾಯಲ್ಲಿ ರಾಮ ಬರೋದೇ ಕಮ್ಮಿ. ಅದನ್ನ ಹೇಳ್ತಾವ್ಳೆ."

ಅವಳು ನಕ್ಕು, ಕಂಪ್ಯೂಟರಿನ ಪಕ್ಕ ಬಿಚ್ಚಿ ತೋರಿಸಿದಳು. ಗೇಣುದ್ದಕ್ಕೂ ಕಮ್ಮಿಯಾದ ಒಂದು ಹಸಿರು ಪಟ್ಟಿ, ಅದರ ಮೇಲೆ ಕರಿ ಕರಿ ಚೌಕ. ಅದು ಕಂಪ್ಯೂಟರಿನ ನೆನಪು. ತಾತ ಮಗ್ಗದ ಪಕ್ಕ ಕಂಡಿಕೆಯ ಬುಟ್ಟಿ ಇಟ್ಟುಕೊಂಡ ಹಾಗೆ, ಕೈಗೆ ಬೇಕಾದದ್ದನ್ನೆಲ್ಲ ಅದು ಹತ್ತಿರ ಇಟ್ಟುಕೊಳ್ಳುತ್ತದಂತೆ. ಬುಟ್ಟಿ ಚಿಕ್ಕದಾದರೆ ಪ್ರತಿ ಸಲ ಎದ್ದು ಒಳಮನೆಗೆ ಹೋಗಬೇಕು, ಅದಕ್ಕೇ ನಿಧಾನ. ಸರಿಯಾಗಿ ತಿಳಿಯಿತು. ಆದರೂ ನಮ್ಮ ಮನೆಯಲ್ಲಿ ಅದಕ್ಕೆ ರಾಮ ಎಂದೇ ಹೆಸರು ನಿಂತಿತು.

ಈ ಸಂಗತಿ ಫೋನಿನಲ್ಲಿ ನಂಜನಗೂಡಿಗೆ ಹೋಯಿತು. ಹತ್ತು ದಿನದೊಳಗೆ ಕೊರಿಯರಿನವನು ಬಂದ. ಡಬ್ಬಿಯೊಳಗೆ ಹತ್ತಿ, ಹತ್ತಿಯೊಳಗೆ ಬೀಗಿತ್ತಿಯ ರಾಮ. ಥಳಥಳ ಹೊಳೆಯುವ ಹೊಸ ರಾಮ. ಜೊತೆಗೊಂದು ಕಾಗದ.

"ಅಜ್ಜಿ ಮೈಸೂರಿಗೆ ಹೋಗಿ, ಅಂಗಡಿಯವನಿಗೆ ಚೀಟಿ ತೋರ್ಸಿ ತಂದವ್ರಂತೆ ಅವ್ವಾ! ಇದ್ರ ಸ್ಪೀಡು ನಮ್ಮದಕ್ಕಿಂತ ಜಾಸ್ತಿ!"

ಜಾಸ್ತಿ. ಆ ಒಂದು ಮಾತು ನನ್ನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ನಮ್ಮ ಹಳೆಯ ರಾಮನ ಪಕ್ಕದಲ್ಲೇ ಹೊಸ ರಾಮನನ್ನು ಕೂರಿಸಿದಳು. ಎರಡೂ ಇದ್ದರೆ ಕಂಪ್ಯೂಟರ್ ತಾನಾಗಿ ನಿಧಾನದವನ ವೇಗಕ್ಕೆ ಇಬ್ಬರನ್ನೂ ನಡೆಸುತ್ತದಂತೆ. ಅವಳ ಕಾಲೇಜಿನ ಗೆಳತಿ ಫೋನಿನಲ್ಲಿ, "ಹೊಸದರ ಓಟ ಯಾಕೆ ದಂಡ ಮಾಡ್ತೀಯ? ಆನ್ ಮಾಡುವಾಗ ಒಂದು ಕೀ ಒತ್ತಿದರೆ ಒಳಗಿನ ಪುಟ ಬರುತ್ತೆ, ಅಲ್ಲಿ ಹೊಸದರ ಸ್ಪೀಡೇ ಹಾಕು" ಎಂದಳು. ಇವಳು ಹಾಕಿದಳು. ಆ ದಿನ ಕಂಪ್ಯೂಟರ್ ಓಡಿದ ಓಟ ನೋಡಬೇಕು. "ಅಜ್ಜಿ ರಾಮ ಬಂದ್ಮೇಲೆ ಹೆಂಗ್ ಹಾರ್ತದೆ ನೋಡವ್ವಾ!" ಎಂದು ಹತ್ತು ಸಲ ಹೇಳಿದಳು. ನಾನು ಹತ್ತು ಸಲವೂ ನೋಡಿದೆ. ಕಂಡಿಕೆಗೆ ಸುತ್ತುತ್ತಿದ್ದ ನೂಲನ್ನು ಎಳೆದು ಎಳೆದು ಮೂರು ಕಡೆ ಹರಿದೆ.

ಮೂರನೇ ದಿನ ಹಾರಾಟ ನಿಂತಿತು. ಪರದೆಯ ಮೇಲಿನ ಬಾಣ ಕುಂಟಿಕೊಂಡು ಓಡಾಡಿತು. ಇಲ್ಲಿ ಗೆರೆ ಎಳೆದರೆ ಸ್ವಲ್ಪ ಹೊತ್ತಾದ ಮೇಲೆ ಅಲ್ಲಿ ಕಾಣಿಸಿತು. ಅರ್ಧ ಬಣ್ಣ ತುಂಬಿದ ರುದ್ರಾಕ್ಷಿ ಕಣ್ಣ ಮುಂದೆಯೇ ಮಾಯವಾಗಿ, ಕಂಪ್ಯೂಟರ್ ತಾನೇ ಆರಿ ತಾನೇ ಹೊತ್ತಿಕೊಂಡಿತು. ಹೊಸ ರಾಮ ಬರುವ ಮೊದಲು ಎಷ್ಟು ನಿಧಾನವಿತ್ತೋ ಈಗ ಅದಕ್ಕಿಂತ ಎರಡರಷ್ಟು. ಮೊಮ್ಮಗಳು ತಲೆ ಹಿಡಿದು ಕೂತಳು. ಶನಿವಾರಕ್ಕೆ ಐದೇ ದಿನ ಉಳಿದಿತ್ತು, ಮುಗಿದಿದ್ದದ್ದು ಎರಡೇ ಡಿಸೈನ್.

ಮುಚ್ಚಿಟ್ಟು ಏನು ಬಂತು, ನನಗೆ ಒಳಗೊಳಗೇ ಖುಷಿಯಾಯಿತು.

ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ, ಮೊದಲ ತಪ್ಪು ನನ್ನ ತಲೆಗೇ ಬಂತು. ಆಯುಧಪೂಜೆಯ ದಿನ ಮಗ್ಗಕ್ಕೆ ಇಟ್ಟ ಹಾಗೆ ಕಂಪ್ಯೂಟರಿಗೂ ನಾನು ವಿಭೂತಿ ಬಳಿದು ಕುಂಕುಮ ಇಟ್ಟಿದ್ದೆ. ಮಗ್ಗಕ್ಕೆ ಮೂರು ಪಟ್ಟೆ, ಇದು ಚಿಕ್ಕದು ಎಂದು ಸಂಧಿ ಸಂಧಿಗೂ. ಅವಳು ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿನ ಎಲೆಗಳೆಲ್ಲ ವಿಭೂತಿ, ಅದಕ್ಕೆ ಅಂಟಿಕೊಂಡ ನಮ್ಮ ಮನೆಯ ನೂಲಿನ ತುಪ್ಪಟ.

"ಏನವ್ವಾ ಇದು, ಪಳನಿ ಮಲೆಯಂಗೆ ಮಾಡಿಟ್ಟಿದ್ದೀಯ!"

"ನಿಮ್ಮಜ್ಜಿ ರಾಮ ಕೆಟ್ರೆ ನನ್ ವಿಭೂತಿ ಮೇಲೆ ಯಾಕ್ ಹಾಕ್ತೀಯ?"

ಅವಳು ಕೂತು ಬ್ರಷ್ಷಿನಿಂದ ಬಿಡಿಸಿದಳು. ಫ್ಯಾನು ಹಗುರಾಗಿ ತಿರುಗಿತು, ಕಂಪ್ಯೂಟರ್ ಕುಂಟುತ್ತಲೇ ಇತ್ತು. ವೈರಸ್ ಇರಬಹುದೆಂದು ಒಂದು ಹೊತ್ತು ಹುಡುಕಿದಳು. ಅದೂ ಇರಲಿಲ್ಲ.

ಆ ಮಧ್ಯಾಹ್ನ ಅವಳು ಊಟಕ್ಕೆ ಎದ್ದಾಗ ನಾನು ಬಿಸ್ಕತ್ತಿನ ಡಬ್ಬಿ ತೆರೆದೆ. ರಾಮನ ಜೊತೆ ಬಂದ ಕಾಗದ ಮೇಲೆಯೇ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರವಾಗಿ ಕೂಡಿಸಿದೆ. ನಾನು ಓದಿದ್ದು ಹೀಗೆ: "ನಿನ ಅವನನು ನೆನೆದರೆ ನನಗೆ ಹೊಟೆಕಿಚು."

ನಿನ್ನ ಅವ್ವನನ್ನು ನೆನೆದರೆ, ಎಂದರೆ ನನ್ನನ್ನು ನೆನೆದರೆ. ನನಗೆ ಹೊಟ್ಟೆ, ಎಂದರೆ ಅವರ ಹೊಟ್ಟೆ. ಕಿಚು? ಆ ಮಾತು ನಾನು ಎಂದೂ ಕೇಳಿರಲಿಲ್ಲ. ಎರಡು ಸಲ ಬಾಯಲ್ಲಿ ಹೇಳಿಕೊಂಡೆ. ಕಿಚು, ಕಿಚು. ಹಳಸಿದ್ದು ತಿಂದರೆ ಹೊಟ್ಟೆಯೊಳಗೆ ಆಗುವುದಿಲ್ಲವೇ ಹಾಗೆ. ಅಯ್ಯೋ! ನನ್ನನ್ನು ನೆನೆಸಿಕೊಂಡರೆ ಆ ಮಹಾತಾಯಿಗೆ ಹೊಟ್ಟೆ ತೊಳಸಿ ವಾಂತಿ ಬರುತ್ತದಂತೆ! ಅದನ್ನು ಕಾಗದದಲ್ಲಿ ಬರೆದು ನನ್ನ ಮೊಮ್ಮಗಳಿಗೇ ಕಳಿಸಿದ್ದಾರೆ! ಅದನ್ನು ಓದಿ ಇವಳು ನಕ್ಕಿದ್ದಾಳೆ! ಮುಂದೆ ಓದಲಿಲ್ಲ. ಕಾಗದವನ್ನು ಇದ್ದ ಹಾಗೆ ಮಡಿಸಿಟ್ಟು, ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದೆ.

ಬುಧವಾರ ಮೊಮ್ಮಗಳು ರಾಮರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷೆ ಮಾಡುತ್ತೇನೆ ಎಂದಳು. ಮೊದಲು ಬೀಗಿತ್ತಿಯದನ್ನು ಮಾತ್ರ ಒಳಗಿಟ್ಟು, ಪರೀಕ್ಷೆಯ ಸಿಡಿ ಹಾಕಿದಳು. ಪರದೆಯೆಲ್ಲ ನೀಲಿಯಾಗಿ ಏನೇನೋ ಅಂಕಿ ಓಡತೊಡಗಿತು. ಅವಳು ಕಾಲೇಜಿನಿಂದ ಒಂದು ಸರ್ಟಿಫಿಕೇಟ್ ತರಲು ಹೋಗಬೇಕಿತ್ತು.

"ಅವ್ವಾ, ಇದನ್ನ ನೋಡ್ಕ. ನೀಲಿ ಮೇಲೆ ಕೆಂಪು ಗೆರೆ ಬಂದ್ರೆ ಈ ರಾಮ ತಪ್ಪು ಮಾಡ್ತು ಅಂತ. ಬರ್ದೆ ಇದ್ರೆ ಒಳ್ಳೇದು ಅಂತ. ನಾನು ಬಂದಾಗ ಹೇಳು, ಆಯ್ತಾ?"

ನಾನು ನೂಲು ಬಿಟ್ಟು ಅದರ ಮುಂದೆ ಕೂತೆ. ಮನೆಯವರು ನೇಯ್ದ ಸೀರೆಗಳನ್ನು ಕೊಟ್ಟು ಬರಲು ಹೋಗಿದ್ದರು, ಮಗ ಮಿಲ್ಲಿನಲ್ಲಿ, ಸೊಸೆ ಅಂಗನವಾಡಿಯಲ್ಲಿ. ಮನೆಯಲ್ಲಿ ನಾನು ಮತ್ತು ಬೀಗಿತ್ತಿಯ ರಾಮ. ತಪ್ಪು ಮಾಡು, ತಪ್ಪು ಮಾಡು ಎಂದು ಕಣ್ಣು ಮಿಟುಕಿಸದೆ ನೋಡಿದೆ. ಎರಡು ಗಂಟೆಯಾದರೂ ಒಂದು ಕೆಂಪು ಗೆರೆ ಬರಲಿಲ್ಲ. ಅದರ ಒಡತಿಯ ಕನ್ನಡದ ಹಾಗೇ, ಒಂದು ತಪ್ಪಿಲ್ಲ. ಆಮೇಲೆ ಕರೆಂಟು ಹೋಯಿತು. ಆ ವರ್ಷ ದಿನಾ ಮಧ್ಯಾಹ್ನ ಎರಡು ಗಂಟೆ ಕರೆಂಟು ತೆಗೆಯುತ್ತಿದ್ದರು. ನೀಲಿ ಪರದೆ ಕಪ್ಪಾಯಿತು. ಅದು ಏನು ತೋರಿಸಿತ್ತು ಎನ್ನುವುದಕ್ಕೆ ಈಗ ನನ್ನ ಬಾಯಿ ಒಂದೇ ಸಾಕ್ಷಿ.

ಅವಳು ಬೆವರು ಒರೆಸಿಕೊಳ್ಳುತ್ತಾ ಬಂದಳು. "ಅವ್ವಾ, ಕೆಂಪು ಬಂತಾ?"

ಹೊಟೆಕಿಚು, ಹೊಟೆಕಿಚು ಎಂದು ನನ್ನ ತಲೆಯೊಳಗೆ ಕೂಗುತ್ತಿತ್ತು.

"ಬಂತು ಕಣ್ಣು."

"ಎಷ್ಟು ಬಂತು?"

"ಎಷ್ಟು ಅಂತ ಹೇಳ್ಲಿ? ಕೆಂಪೋ ಕೆಂಪು. ವೀಳ್ಯ ಹಾಕ್ಕಂಡು ಉಗ್ದಂಗೆ."

ಅವಳು ಮತ್ತೆ ಕೇಳಲಿಲ್ಲ. ಅವ್ವ ಸುಳ್ಳು ಹೇಳುತ್ತಾಳೆ ಎನ್ನುವುದು ಅವಳ ಕನಸಿಗೂ ಬಾರದ ಸಂಗತಿ. ಕರೆಂಟು ಬಂದ ಮೇಲೆ ಬೀಗಿತ್ತಿಯ ರಾಮನನ್ನು ತೆಗೆದು ನನ್ನ ರಾಮನನ್ನು ಇಟ್ಟಳು. ಈಗ ನೋಡು ನನ್ನವನ ಗುಣವನ್ನು ಎಂದು ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಐದು ನಿಮಿಷವಾಗಲಿಲ್ಲ. ಒಂದು ಕೆಂಪು ಗೆರೆ. ಅದರ ಕೆಳಗೆ ಇನ್ನೊಂದು. ಆಮೇಲೆ ಪರದೆ ತುಂಬಾ. ನಾನು ಸುಳ್ಳಿನಲ್ಲಿ ಬಣ್ಣಿಸಿದ್ದೆನಲ್ಲ, ಅದೇ ರೀತಿ, ಉಗಿದ ಹಾಗೆ.

ಅವಳು ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವಂತೆ ಲೆಕ್ಕ ಹಾಕಿದಳು. "ಹಳೇದು ಮಾತ್ರ ತಪ್ಪು ಮಾಡಿದ್ರೆ, ಸ್ಪೀಡು ಜಾಸ್ತಿ ಆಗಿ ಎಡವ್ತದೆ ಅನ್ಬೋದಿತ್ತು. ಆದ್ರೆ ಹೊಸದಕ್ಕೆ ಇದು ಅದ್ರದ್ದೇ ಸ್ಪೀಡು. ತನ್ನ ಸ್ಪೀಡಲ್ಲೇ ಅದೂ ತಪ್ಪು ಮಾಡ್ತು ಅಂದ್ರೆ ತಪ್ಪು ಸ್ಪೀಡಿಂದಲ್ಲ. ಎರಡೂ ಒಟ್ಟಿಗೆ ಕೆಡಾಕಿಲ್ಲ. ರಾಮ್ ಕೂರೋ ಬೋರ್ಡೇ ಹೋಗೈತೆ ಅವ್ವಾ."

ಆಗಲೇ ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ, ಬೀಗಿತ್ತಿಯದು ಒಳ್ಳೆಯದು, ನನ್ನದೇ ಕೆಟ್ಟದ್ದು ಎಂದು ಹೇಳುವುದು ನನಗೆ ಹೆಚ್ಚು ಕಷ್ಟವಾಗಿತ್ತು.

ಗುರುವಾರ ಕಂಪ್ಯೂಟರಿನ ಪೆಟ್ಟಿಗೆಯನ್ನು ನನ್ನ ಹಳೆಯ ಸೀರೆಯಲ್ಲಿ ಕಟ್ಟಿ, ಇಬ್ಬರೂ ಕೊಯಮತ್ತೂರಿನ ಗಾಂಧಿಪುರದಲ್ಲಿರುವ ರಿಪೇರಿ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲೆ. ಬಸ್ಸು ಕುಲುಕಿದಾಗಲೆಲ್ಲ ಅದರ ಮೂಲೆ ನನ್ನ ಪಕ್ಕೆಗೆ ತಿವಿಯುತ್ತಿತ್ತು. ತಿವಿಯಲಿ ಎಂದುಕೊಂಡೆ. ಅಂಗಡಿಯವನು ಅವಳ ಮಾತೆಲ್ಲ ಕೇಳಿ, ಪೆಟ್ಟಿಗೆ ಬಿಚ್ಚದೆಯೇ ತಲೆಯಾಡಿಸಿದ. "ರೆಂಡುಮೇ ತಪ್ಪು ಪಣ್ಣುದುನ್ನಾ ಬೋರ್ಡುದಾಂಗ." ಎರಡೂ ತಪ್ಪು ಮಾಡಿದರೆ ಬೋರ್ಡೇ. ಅದನ್ನು ತರಿಸಬೇಕು, ನಾಲ್ಕು ದಿನವಾಗುತ್ತದೆ, ಬಿಟ್ಟು ಹೋಗಿ ಎಂದ. ನಾಲ್ಕು ದಿನ ಎಂದರೆ ಸೋಮವಾರ. ಮೊಮ್ಮಗಳು ಪೆಟ್ಟಿಗೆಗೆ ಮತ್ತೆ ಸೀರೆ ಸುತ್ತಿದಳು. ಗಂಟು ಹಾಕುವಾಗ ಅವಳ ಬೆರಳು ತಪ್ಪುತ್ತಿತ್ತು.

ಉಕ್ಕಡದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಊರಿನ ಬಸ್ಸಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತೆವು. ಮೀನಿನ ವಾಸನೆ, ಬಸ್ಸುಗಳ ಹಾರ್ನು, ಕಡಲೆಕಾಯಿ ಮಾರುವವರ ಕೂಗು. ಅವಳು ಫೋನು ತೆಗೆದಳು.

"ಯಾರ್ಗೆ ಕಣ್ಣು?"

"ಕಂಪನಿಯವ್ರಿಗೆ. ಶನಿವಾರ ಕೊಡಾಕ್ ಆಗಾಕಿಲ್ಲ, ಬೇರೆಯವ್ರನ್ನ ನೋಡ್ಕಳಿ ಅಂತ ಹೇಳ್ಬಿಡ್ತೀನಿ. ಸುಮ್ನೆ ಕಾಯ್ಸೋದು ಯಾಕೆ."

ಅವಳ ಕಣ್ಣಲ್ಲಿ ನೀರಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ನಾನು ಆ ಫೋನಿನ ಮೇಲೆ ಕೈ ಮುಚ್ಚಿದೆ.

"ತಡಿ ಕಣ್ಣು. ಕೆಂಪು ಬರ್ಲಿಲ್ಲ."

"ಏನು?"

"ನಿಮ್ಮಜ್ಜಿ ರಾಮಂಗೆ ಕೆಂಪು ಬರ್ಲೇ ಇಲ್ಲ. ಎರಡು ಗಂಟೆ ನೋಡ್ದೆ. ಒಂದೂ ಬರ್ಲಿಲ್ಲ. ನಾನ್ ಸುಳ್ ಹೇಳ್ದೆ."

ಅವಳು ನನ್ನನ್ನು ನೋಡಿದ ನೋಟ ನನಗೆ ಇವತ್ತಿಗೂ ನೆನಪಿದೆ. ಒಂದು ಬಸ್ಸು ಬಂದು ಹೋಯಿತು. ಅದು ನಮ್ಮ ಬಸ್ಸೇ ಇರಬೇಕು, ಇಬ್ಬರೂ ಏಳಲಿಲ್ಲ. ಅವಳು ಮೊದಲು ಯಾಕೆ ಎಂದು ಕೇಳಲಿಲ್ಲ, ಲೆಕ್ಕ ಹಾಕಿದಳು.

"ಅಜ್ಜಿದು ಸರಿಗೈತೆ. ನಿಂದು ಎಡವ್ತದೆ. ಆದ್ರೆ ನಿಂದು ಮೂರು ವರ್ಷ ಎಡವ್ಲಿಲ್ಲ." ಅವಳು ಬೆರಳು ಮಡಿಸಿದಳು. "ಅಂದ್ರೆ ಬೋರ್ಡು ಸರಿಗೈತೆ. ಸ್ಪೀಡು. ನಾನೇ ಹಾಕಿದ ಸ್ಪೀಡು. ಅವ್ವಾ! ಅದನ್ನ ಹಳೇದಕ್ಕೆ ಇಳಿಸಿದ್ರೆ ಎರಡೂ ನಡೀತವೆ!" ಆಮೇಲೆ ಸಿಟ್ಟು ಬಂತು. "ಒಂದ್ ದಿನಾ ಪೂರಾ ಹೋಯ್ತಲ್ಲವ್ವಾ! ಯಾಕ್ ಹಂಗ್ ಹೇಳ್ದೆ? ಅಜ್ಜಿ ನಿಂಗೆ ಏನ್ ಮಾಡಿದ್ರು?"

"ಏನ್ ಮಾಡಿದ್ರಾ? ಕಾಗದದಲ್ಲಿ ಬರ್ದವ್ರಲ್ಲ! ನನ್ನ ನೆನಿಸ್ಕಂಡ್ರೆ ಅವ್ರಿಗೆ ಹೊಟೆಕಿಚು ಅಂತ. ವಾಂತಿ ಬತ್ತದಂತಾ? ನಾನೇನ್ ಹಳಸಿದ ಸಾರಾ?"

ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕಟ್ಟೆಯ ಮೇಲೆ ಬಗ್ಗಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಕಡಲೆಕಾಯಿಯವಳು ತಿರುಗಿ ನೋಡಿದಳು.

"ಅದು ಹೊಟ್ಟೆಕಿಚ್ಚು ಅವ್ವಾ! ಟ-ಗೆ ಒತ್ತು, ಚ-ಗೆ ಒತ್ತು. ಹೊಟ್ಟೆಕಿಚ್ಚು ಅಂದ್ರೆ ಪೊರಾಮೆ. ಅಜ್ಜಿಗೆ ನಿನ್ ಮೇಲೆ ಪೊರಾಮೆ!"

"ನನ್ ಮೇಲಾ? ಅವ್ರಿಗಾ?"

"ಮುಂದೆ ಓದ್ಲಿಲ್ವಾ? ನಾನು ದಿನಾ ನಿನ್ ಕಣ್ಮುಂದೆ ಇರ್ತೀನಂತೆ. ನಿನ್ ಸೀರೆ ಅಂಚು ನನ್ ಕೈಗೆ ಬಂತಂತೆ. ನಂದು ಅಂತ ಕೊಡಾಕೆ ಏನೂ ಇಲ್ಲ, ಅದಕ್ಕೆ ಈ ಚಿಕ್ಕ ತುಂಡು ಅಂತ ಬರ್ದವ್ರೆ."

ಕಂಪ್ಯೂಟರಿನ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಒಳಗೆ ಆ ಚಿಕ್ಕ ತುಂಡು ಇತ್ತು. ಅಷ್ಟು ಚೆನ್ನಾದ ಕನ್ನಡದ ಒಡತಿ, ನಂಜನಗೂಡಿನ ಮನೆಯಲ್ಲಿ ಕೂತು, ನೆಗಮದ ಈ ಮೂರನೇ ಕ್ಲಾಸಿನ ಮುದುಕಿಯ ಮೇಲೆ ಕುದಿಯುತ್ತಿದ್ದಾರೆ! ನನಗೆ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ನಾಚಿಕೆಗಿಂತ ಒಂದು ಗುಲಗಂಜಿ ಜಾಸ್ತಿ ಸಂತೋಷವೂ ಆಯಿತು.

ಮನೆಗೆ ಬಂದು ಎಲ್ಲ ಹೇಳಿದಾಗ ಮನೆಯವರು ಮಗ್ಗ ನಿಲ್ಲಿಸಲಿಲ್ಲ. "ಏ ಪುಳ್ಳೆ, ನಮ್ ಮದುವೆಯಾದ ವರ್ಷ ಮರ್ತೋಯ್ತಾ?" ಎಂದು ನನ್ನನ್ನೇ ಕೇಳಿದರು. ಮರೆತಿರಲಿಲ್ಲ. ಅಂಚಿಗೆ ಬೇರೆ ಬಣ್ಣದ ನೂಲಿದ್ದ ಸೀರೆಗೆ ಮಗ್ಗದಲ್ಲಿ ಇಬ್ಬರು ಕೂರಬೇಕು. ಒಡಲಿಗೆ ಅವರು, ಆ ಕಡೆಯ ಅಂಚಿಗೆ ನಾನು. ಅವರ ಕೈ ಗಾಳಿ, ನಾನು ಹೊಸಬಳು. ಅವರು ತಮ್ಮ ಓಟಕ್ಕೆ ನನ್ನನ್ನು ಎಳೆದರೆ ನನ್ನ ಲಾಳಿ ತಪ್ಪಿ ನೂಲು ಹರಿಯುತ್ತಿತ್ತು, ಒಂದೊಂದೇ ಎಳೆ ಹುಡುಕಿ ಗಂಟು ಹಾಕುವುದರಲ್ಲೇ ದಿನ ಕಳೆಯುತ್ತಿತ್ತು. ಎರಡು ದಿನದ ಸೀರೆ ಐದು ದಿನವಾಯಿತು. ಕಡೆಗೆ ಅವರು ನನ್ನ ಹೆಜ್ಜೆಗೆ ಬಂದರು, ಸೀರೆ ಎರಡೇ ದಿನಕ್ಕೆ ಇಳಿಯಿತು.

"ಆಗ ನಿಮ್ಮವ್ವ ಏನ್ ಬೈತಿದ್ಲು ಗೊತ್ತಾ ಅಮ್ಮಿಣಿ? ನಿಮ್ ಓಟ ನಿಮ್ ತಲೆ ಮೇಲಿಟ್ಕಳಿ ಅಂತ!" ಎಂದು ಮುದ್ದಿನಿಂದ ಮೊಮ್ಮಗಳ ಕಡೆ ತಿರುಗಿದರು.

ಮೊಮ್ಮಗಳು ಆ ಒಳಗಿನ ಪುಟಕ್ಕೆ ಹೋಗಿ ವೇಗವನ್ನು ನನ್ನ ರಾಮನ ಹೆಜ್ಜೆಗೆ ಇಳಿಸಿ, ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂರಿಸಿದಳು. ನೀಲಿ ಪರದೆ ಹಾಕಿ, ಈ ಸಲ ತಾನೇ ಕೂತು ನೋಡಿದಳು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು. ಕೆಂಪು ಬರಲಿಲ್ಲ. ಆಮೇಲೆ ಚಿತ್ರ ತೆರೆದಳು. ಬಾಣ ಕುಂಟಲಿಲ್ಲ, ರುದ್ರಾಕ್ಷಿಗಳು ಕರೆದ ತಕ್ಷಣ ಬಂದವು. ಹಾರಲಿಲ್ಲ, ಆದರೆ ಎಲ್ಲೂ ನಿಲ್ಲದೆ ನಡೆಯಿತು. ಬೀಗಿತ್ತಿಯ ರಾಮ ನನ್ನ ರಾಮನ ಹೆಜ್ಜೆಗೆ ನಡೆಯಬೇಕಾಯಿತಲ್ಲ ಎಂದು ನಾನು ಸೆರಗಿನ ಮರೆಯಲ್ಲಿ ನಕ್ಕೆ. ಆ ಬುದ್ಧಿ ಅಷ್ಟು ಸುಲಭವಾಗಿ ಹೋಗುತ್ತದೆಯೇ? ಶುಕ್ರವಾರ ಅವಳು ಮೇಜು ಬಿಟ್ಟು ಏಳಲಿಲ್ಲ. ಕರೆಂಟು ಹೋದಾಗ ಮಾತ್ರ ನನ್ನ ಕೈಯಿಂದ ಎರಡು ತುತ್ತು. ಶನಿವಾರ ಹನ್ನೊಂದಕ್ಕೆ ಸಿಡಿ ತಿರುಪ್ಪೂರಿನಲ್ಲಿತ್ತು. ಎರಡು ವಾರಕ್ಕೆ, ಮೊದಲೇ ಹೇಳಿದೆನಲ್ಲ, ಆ ಫೋನು ಬಂತು.

ಬೀಗಿತ್ತಿ ಸುದ್ದಿ ಕೇಳಿ ಫೋನು ಇಟ್ಟವರೇ ಬಸ್ಸು ಹತ್ತಿದ್ದರು. ಸಂಜೆ ನಮ್ಮ ಬಾಗಿಲಿಗೆ ಬಂದರು, ಧೂಳು ಮುಖ, ಕೈಯಲ್ಲಿ ರಸಬಾಳೆಯ ಚಿಪ್ಪು. ನಾನು ಅಡುಗೆಮನೆಯಲ್ಲಿ ಬೆಂದ ಅಕ್ಕಿ ಹಿಟ್ಟಿನ ಉಂಡೆ ಇಟ್ಟುಕೊಂಡು, ಮರದ ಒರಳಿನಲ್ಲಿ ಸಂದಗೆ ಒತ್ತಲು ಕೂತಿದ್ದೆ. ನಮ್ಮ ಕಡೆ ಒಳ್ಳೆಯದು ನಡೆದರೆ ಸಂದಗೆಯೇ. ಅದನ್ನು ಒಬ್ಬರೇ ಒತ್ತಲಾಗುವುದಿಲ್ಲ.

"ಓ, ಒತ್ತು ಶಾವಿಗೆ! ನಮ್ಮಲ್ಲೂ ಮಾಡ್ತೀವಿ. ತಾಳಿ ಬೀಗರೇ, ಕೈ ತೊಳೆದು ಬಂದೆ."

ಇಬ್ಬರೂ ಆ ಮರದ ಹಿಡಿಯ ಮೇಲೆ ಕೈಯಿಟ್ಟೆವು. ಅವರು ಬೇಗ ಬೇಗ ಒತ್ತಿದರು, ಎಳೆ ತುಂಡಾಯಿತು.

"ಮೆಲ್ಲುಕ್ಕೆ ಸಂಬಂದಿಯಮ್ಮಾ, ನನ್ ಕೈಗೆ ಬನ್ನಿ" ಎಂದೆ.

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಬಾಯಿಗೆ ದುಪ್ಪಟ್ಟಾ ತುರುಕಿಕೊಂಡು ಓಡಿಹೋದಳು. ಬೀಗಿತ್ತಿ ನನ್ನ ಕೈಗೆ ಬಂದರು. ಎಳೆ ಉದ್ದಕ್ಕೆ ಇಳಿಯಿತು. ಇದೇ ಸಮಯ ಎಂದು ಎಲ್ಲ ಹೇಳಿಬಿಟ್ಟೆ. ಡಬ್ಬಿ ತೆರೆದದ್ದು, ಕಾಗದ ಓದಿದ್ದು, ಕೆಂಪು ಬಂತು ಎಂದದ್ದು. ಅವರು ಒತ್ತುವುದು ನಿಲ್ಲಿಸಿದರು. ಮುಖ ಕೆಂಪಾಯಿತು.

"ನನ್ನ ಕಾಗದ ಓದಿದಿರಾ?"

"ಪೂರಾ ಓದ್ಲಿಲ್ಲ. ನಿಮ್ ಅಕ್ಷರಕ್ಕೆ ಕಾಲು ಜಾಸ್ತಿ. ಹೊಟ್ಟೆಕಿಚ್ಚು," ಎಂದೆ, ಎರಡು ಒತ್ತನ್ನೂ ಹಲ್ಲು ಕಚ್ಚಿ ಒತ್ತಿ. "ಈಗ ಸರಿಗೈತಾ?"

ಅವರು ನನ್ನನ್ನು ನೋಡಿದರು. ಆಮೇಲೆ ನಕ್ಕರು. ಇಸ್ತ್ರಿಯೆಲ್ಲ ಕಳಚಿಹೋದ ನಗು. "ಸರಿಯಾಗಿದೆ. ನನಗೆ ಈಗಲೂ ಇದೆ, ಹೋಗಿಲ್ಲ" ಎಂದರು.

"ನಂಗೂ" ಎಂದೆ. ಮತ್ತೆ ಒತ್ತಿದೆವು. ಈಗ ಒತ್ತಕ್ಷರ ಬರುತ್ತದೆ ನನಗೆ. ಆ ಸಲ ನಮ್ಮಲ್ಲಿ ಉಳಿದ ನಾಲ್ಕು ದಿನ ಅವರೇ ಕೂರಿಸಿಕೊಂಡು ತಿದ್ದಿಸಿದರು. ಇದನ್ನು ಬರೆಯುತ್ತಿರುವುದೂ ಆ ತಿದ್ದಿದ ಕೈಯೇ.

ಆ ಸಂಜೆ ಮಗ ಮಿಲ್ಲಿನಿಂದ ಬೇಗ ಬಂದ. ಮಗ್ಗದ ಕೋಣೆಯಲ್ಲೇ ಚಾಪೆ ಹಾಕಿ, ಆರು ಎಲೆ ಹಾಕಿದೆವು. ಮೊಮ್ಮಗಳು ನಡುವೆ, ಅವಳ ಬಲಕ್ಕೆ ಬೀಗಿತ್ತಿ, ಎಡಕ್ಕೆ ನಾನು. ಬಲ ಯಾಕೆ ಅವರಿಗೆ ಎಂದು ಒಂದು ಕ್ಷಣ ಅನಿಸಿತು, ಅದನ್ನೂ ಬರೆಯುತ್ತೇನೆ. ಸೊಸೆ ಸಂದಗೆ ಬಡಿಸಿದಳು, ನಾನು ಮೇಲೆ ತೆಂಗಿನ ಹಾಲು ಹುಯ್ದೆ, ಬೀಗಿತ್ತಿ ಬೆಲ್ಲ ಹಾಕಿದರು. ನಾನು ಇನ್ನೊಂದು ಸೌಟು ಹಾಲು ಹುಯ್ದೆ, ಅವರು ಇನ್ನೊಂದು ಚೂರು ಬೆಲ್ಲ ಹಾಕಿದರು.

"ಸಾಕು! ಎಲೆಯಿಂದ ಹರೀತಾ ಐತೆ!" ಎಂದು ಮೊಮ್ಮಗಳು ಎರಡೂ ಕೈ ಅಡ್ಡ ಹಿಡಿದಳು.

"ಬಿಡ್ರೇ, ಕೂಸು ಉಣ್ಲಿ" ಎಂದರು ಮನೆಯವರು, ತಮ್ಮ ಎಲೆಯ ಮೇಲಿನ ರಸಬಾಳೆ ಸುಲಿಯುತ್ತಾ. ಹಾಲು ಎಲೆಯ ಅಂಚು ದಾಟಿ ಚಾಪೆಗೆ ಇಳಿಯಿತು. ಒರೆಸಲು ಯಾರೂ ಏಳಲಿಲ್ಲ, ಎಲ್ಲರೂ ಉಣ್ಣುತ್ತಿದ್ದೆವು.